ಟೈರಕ್ಕನ ಹೆಬ್ಬೆರಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ರಾತ್ರಿಯಿಡೀ ಸುರಿದ ಮಳೆ ಸೋತು ಜಿನುಗಾಗಿದೆ. ಟೈರ್ ಅಂಗಡಿಯ ಹಿಂದಿನ ಅಂಗಳದಲ್ಲಿ, ತಗಡಿನ ಸೂರಿನ ನೀರು ಬೀಳುವ ಜಾಗದಲ್ಲೇ, ಟೈರುಗಳು ಸಾಲಾಗಿ ಗೋಡೆಗೆ ಒರಗಿವೆ. ಆ ಸಾಲಿನ ಮುಂದೆ ಹೆಂಗಸೊಬ್ಬರು ಬಗ್ಗಿ ಬಗ್ಗಿ ನಡೆಯುತ್ತಿದ್ದಾರೆ. ಕೈಗವಸು ಕಳಚಿ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಾರೆ. ಒಂದೊಂದು ಟೈರಿಗೂ ಹೆಬ್ಬೆರಳು ಊರಿ, ಕಣ್ಣು ಮುಚ್ಚಿ, ತುಸು ಹೊತ್ತು ನಿಲ್ಲುತ್ತಾರೆ. ಕೆಲವಕ್ಕೆ "ಹ್ಞೂಂ" ಎನ್ನುತ್ತಾರೆ. ಕೊನೆಯದು ಅಗಲವಾದ, ಮಿರಿಮಿರಿ ಮಿಂಚುವ ಟೈರು. ಅದನ್ನು ಉಗುರಿನಿಂದ ಟಕ್ಕೆಂದು ಬಡಿದು, "ಕಲ್ಲು. ಶುದ್ಧ ಕಲ್ಲು," ಎನ್ನುತ್ತಾರೆ. ಎದ್ದು ನಿಂತಾಗ ಅವರ ಮುಖದಲ್ಲಿ ಚಳಿಯಿಲ್ಲ, ಸಿಟ್ಟಿದೆ.

ಬೀದಿಗೆಲ್ಲ ಅವರು ಟೈರಕ್ಕ. ಗಂಡ ಇದೇ ಅಂಗಡಿಯಲ್ಲಿ ಟೈರ್ ಬಿಚ್ಚಿ ಹಾಕುತ್ತಿದ್ದರು. ಊಟದ ಡಬ್ಬಿ ತರುತ್ತಿದ್ದ ಹೆಂಡತಿ, ಅವರು ಉಂಡು ಕೈ ತೊಳೆಯುವಷ್ಟು ಹೊತ್ತು ನಟ್ಟು ಬಿಗಿಯುತ್ತ ಬಿಗಿಯುತ್ತಲೇ ಕೆಲಸ ಕಲಿತರು. ಗಂಡನ ಸೊಂಟ ಸೋತ ವರ್ಷ ಡಬ್ಬಿ ಅದಲುಬದಲಾಯಿತು. "ಈಗ ಅವ್ರೇ ಅಡುಗೆ ಮಾಡಿ ತರ್ತಾರೆ. ಎಲ್ಲಾ ಕಲಿತ್ರು ಪಾಪ, ಉಪ್ಪೊಂದು ಇನ್ನೂ ಕೈಗೆ ಹತ್ತಿಲ್ಲ," ಎಂದು ನಗುತ್ತಾರೆ. ಆ ಬೆಳಗ್ಗೆ ಅವರು ನಕ್ಕದ್ದು ಅದೊಂದೇ ಸಲ.

ಅವರ ಅಂಗೈ ನೋಡಬೇಕು. ಗೆರೆಗಳೊಳಗೆ ಕೂತ ಕಪ್ಪು ಯಾವ ಸಾಬೂನಿಗೂ ಬಗ್ಗುವುದಿಲ್ಲ. ಚಳಿಗಾಲದಲ್ಲಿ ಬೆರಳ ಸಂದು ಸಂದೂ ಬಿರಿಯುತ್ತದೆ. ಅವರ ಬಗ್ಗೆ ಬರೆಯಲು ಬಂದ ನಾನು, ದಿನಕ್ಕೆ ಎಷ್ಟು ಚಕ್ರ ಎತ್ತುತ್ತೀರಿ ಎಂದರೆ, "ಎಣಿಸಿದ್ರೆ ಭಾರ ಆಗುತ್ತೆ, ಅದಕ್ಕೇ ಎಣಿಸಲ್ಲ," ಎನ್ನುತ್ತಾರೆ. ಮಳೆ ಚಳಿ ಎರಡೂ ಕೂಡಿದ ವಾರ ಅಂಗಡಿಯ ಮುಂದೆ ಕಾರಿನ ಸಾಲು. "ಮೊದ್ಲೇ ಬರಲ್ಲ ನೋಡಿ. ಒಂದ್ಸಲ ಜಾರಿ, ಎದೆ ಧಸಕ್ ಅಂದ ಮಾರನೇ ದಿನ ಬರ್ತಾರೆ. ಬರೋಕೆ ಆಗದೇ ಇದ್ದವ್ರು ಬರೋದೇ ಇಲ್ಲ."

ಟೈರುಗಳನ್ನು ರಾತ್ರಿ ಹೊರಗೆ ಮಲಗಿಸುವುದು ಅವರದೇ ಕ್ರಮ. ಅಂಗಡಿಗೆ ಬಂದ ಪ್ರತಿ ಬಗೆಯಲ್ಲೂ ಒಂದನ್ನು ಅಂಗಳಕ್ಕೆ ಉರುಳಿಸುತ್ತಾರೆ. ಇಡೀ ರಾತ್ರಿ ಚಳಿ ಕುಡಿದು, ನೀರು ಕುಡಿದು ನಿಂತ ರಬ್ಬರನ್ನು ಬೆಳಗ್ಗೆ ಬರಿಗೈಯಲ್ಲಿ ಒತ್ತಿ ನೋಡುತ್ತಾರೆ. ಬೆರಳಿಗೆ ಬಗ್ಗಿದರೆ ರಸ್ತೆಗೂ ಬಗ್ಗುತ್ತದೆ. ಬಗ್ಗದಿದ್ದರೆ ಈ ಕಾಲಕ್ಕೆ ಅದನ್ನು ಮುಟ್ಟುವುದಿಲ್ಲ.

"ಕಪ್ಪಗಿರೋದೆಲ್ಲ ಒಂದೇ ರಬ್ಬರಲ್ಲ. ಇದು ಬಿಸಿಲಿಗೆ ಹುಟ್ಟಿದ್ದು," ಎಂದು ಆ ಮಿಂಚುವ ಟೈರನ್ನು ತೋರಿಸುತ್ತಾರೆ. "ಕಾದ ರಸ್ತೇಲಿ ಗೋಂದಿನ ಹಾಗೆ ಕಚ್ಕೊಳ್ಳುತ್ತೆ. ಬೇಸಿಗೆಗೆ ಬನ್ನಿ, ನಾನೇ ಹಾಕ್ಕೊಡ್ತೀನಿ. ಚಳಿ ಬಿತ್ತೋ, ಇದೇ ರಬ್ಬರ್ ಸೆಟೆದುಕೊಳ್ಳುತ್ತೆ. ಅದರ ಮೇಲೆ ನೀರು. ಇಷ್ಟಗಲ ಇದ್ದು, ಇಷ್ಟೇ ಗೀರು ಇದ್ರೆ, ನೀರನ್ನ ಸೀಳಲ್ಲ, ನೀರ ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಸ್ಟೇರಿಂಗ್ ತಿರುಗಿಸಿದ್ರೂ ಒಂದೇ, ತಲೆ ತಿರುಗಿಸಿದ್ರೂ ಒಂದೇ."

ಸಿಟ್ಟಿಗೆ ಕಾರಣ ಅಂಗಡಿಯ ಮುಂಭಾಗದಲ್ಲಿದೆ. ಅಲ್ಲೊಂದು ಗಾಜಿನ ಕೋಣೆ, ಮೆತ್ತನೆ ಸೋಫಾ, ಮೂಲೆಯಲ್ಲಿ ಕೆಂಪಗೆ ಉರಿಯುವ ಹೀಟರ್. ಮಾರಾಟದ ಟೈರುಗಳ ವಾಸ ಅಲ್ಲೇ. ಯಜಮಾನ ಗಿರಾಕಿಯ ಕೈ ಹಿಡಿದು ಟೈರಿನ ಮೇಲಿಟ್ಟು, "ಒತ್ತಿ ಸಾರ್, ಬೆಣ್ಣೆ!" ಎನ್ನುತ್ತಾನೆ. ಒತ್ತಿದವನಿಗೆ ಬೆಣ್ಣೆಯೇ. ಹೀಟರಿನ ಮುಂದೆ ಕೂತರೆ ಯಾವ ರಬ್ಬರ್ ತಾನೇ ಬೆಣ್ಣೆಯಾಗದು? ಆ ಬೆಣ್ಣೆ ಕಲ್ಲಾಗುವುದು ರಸ್ತೆಯಲ್ಲಿ, ಗಿರಾಕಿ ಒಬ್ಬನೇ ಇರುವಾಗ.

ಈ ದಿನ ಆ ಬೆಣ್ಣೆಗೆ ಸೋತವನು ಟೈರಕ್ಕನ ಸ್ವಂತ ಅಳಿಯ. ಬೆಟ್ಟದಾಚೆಯ ಊರಿನಲ್ಲಿ ಕಟಿಂಗ್ ಶಾಪ್ ಇಟ್ಟಿದ್ದಾನೆ. ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ತಾಗುವ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಕೊಂಡಿದ್ದಾನೆ. ಅದರ ಟೈರುಗಳು ಸವೆದಿವೆ. ಮಧ್ಯಾಹ್ನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಈ ಮಳೆಯಲ್ಲಿ, ಆ ಕಾರಿನಲ್ಲೇ ಬೆಟ್ಟ ಹತ್ತಿ ಇಳಿಯಬೇಕು. ಆ ಹೆಂಡತಿ ಟೈರಕ್ಕನ ಒಬ್ಬಳೇ ಮಗಳು.

ನಾವಿಬ್ಬರೂ ಅಂಗಳದಿಂದ ಒಳಗೆ ಬರುವ ಹೊತ್ತಿಗೆ ಕಾರು ಲಿಫ್ಟಿನ ಮೇಲಿದೆ. ನಾಲ್ಕೂ ಚಕ್ರ ಬಿಚ್ಚಿಸಿಕೊಂಡು, ಗಾಳಿಯಲ್ಲಿ ನಿಂತಿದೆ.

"ಅತ್ತೆ, ಆ ಅಗಲದ್ದು ಹಾಕಿಬಿಡಿ. ಯಜಮಾನ್ರ ಹತ್ರ ಮಾತಾಡಿದ್ದೀನಿ."

"ಹಾಕಲ್ಲ."

"ಅಳಿಯ ಅಂತ ಸಲಿಗೆ ತಗೋಬೇಡಿ, ಅತ್ತೆ. ಇಲ್ಲಿ ನಾನು ಗಿರಾಕಿ."

"ಅಳಿಯ ಅಂದ್ರೂ ಹಾಕಲ್ಲ, ಗಿರಾಕಿ ಅಂದ್ರೂ ಹಾಕಲ್ಲ. ನಿಮ್ಮ ಅಂಗಡೀಲಿ ಬೋಳುತಲೆಯವ್ರಿಗೆ ಬಾಚಣಿಗೆ ಮಾರ್ತೀರಾ?"

"ಕೇಳಿದ್ರೆ ಮಾರ್ತೀನಿ!"

"ಬಾಚಣಿಗೆಯಿಂದ ಯಾರ ಕುತ್ತಿಗೇನೂ ಮುರಿಯಲ್ಲ. ಬನ್ನಿ ಇಲ್ಲಿ."

ಅಳಿಯನನ್ನು ತೋಳು ಹಿಡಿದೇ ಅಂಗಳಕ್ಕೆ ಕರೆದೊಯ್ಯುತ್ತಾರೆ. ಹೊರಗೆ ಮಲಗಿದ್ದ ಮಿಂಚುವ ಟೈರಿನ ಮೇಲೆ ಅವನ ಹೆಬ್ಬೆರಳಿಟ್ಟು ಒತ್ತಿಸುತ್ತಾರೆ. ಅದರ ಪಕ್ಕದಲ್ಲಿ ಇನ್ನೊಂದಿದೆ. ಅಗಲ ಕಡಿಮೆ, ಆಳವಾದ ಗೀರುಗಳು, ಮೈತುಂಬ ಚಾಕುವಿನಿಂದ ಸೀಳಿದಂಥ ಸಣ್ಣ ಸಣ್ಣ ಗಾಯ. ನೋಡಲು ಚೆನ್ನಿಲ್ಲ. ಅದನ್ನೂ ಒತ್ತಿಸುತ್ತಾರೆ. ಬೆರಳು ಒಳಗಿಳಿಯುತ್ತದೆ. ಅಳಿಯ ಕೈ ಒರೆಸಿಕೊಳ್ಳುತ್ತಾನೆ. ಗೊತ್ತಾಗಿದೆ. ಒಪ್ಪಲು ಮನಸ್ಸಿಲ್ಲ.

"ಇದನ್ನ ಹಾಕಿಸಿ ಅಂಗಡಿ ಮುಂದೆ ನಿಲ್ಲಿಸೋಕೆ ನಾಚಿಕೆ ಆಗುತ್ತೆ ಅತ್ತೆ. ಅದೇ ಹಾಕಿ, ನಿಧಾನ ಓಡಿಸ್ತೀನಿ."

ಅಲ್ಲಿಯವರೆಗೆ 'ನೀವು' ಎನ್ನುತ್ತಿದ್ದ ಟೈರಕ್ಕನ ನಾಲಿಗೆ ಅಲ್ಲಿಂದ ಜಾರುತ್ತದೆ. "ನಿಧಾನ ಓಡಿಸೋಕೆ ಈ ಕಾರ್ ಯಾಕೋ? ಸೈಕಲ್ ಸಾಕಿತ್ತಲ್ಲ! ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ. ನಾಚಿಕೆಯಿಂದ ಯಾರೂ ಸತ್ತಿಲ್ಲ ಮಾರಾಯ. ಆ ಬೆಟ್ಟದ ತಿರುವಲ್ಲಿ ಸತ್ತಿದ್ದಾರೆ. ಆ ಪಕ್ಕದ ಸೀಟಲ್ಲಿ ಕೂರೋಳು ನನ್ನ ಹೊಟ್ಟೇಲಿ ಹುಟ್ಟಿದೋಳು!"

ಗದ್ದಲ ಕೇಳಿ ಯಜಮಾನ ಬರುತ್ತಾನೆ. ಟೈರಕ್ಕ ಎತ್ತಿ ಆಡಿಸಿದ ಹುಡುಗ, ಈಗ ಅಪ್ಪನ ಕುರ್ಚಿಯಲ್ಲಿದ್ದಾನೆ. ದನಿ ಏರಿಸುವುದಿಲ್ಲ, ಅದೇ ಹೆಚ್ಚು ಉರಿಸುತ್ತದೆ. "ಅಕ್ಕಾ, ಆರಿಸೋದು ಗಿರಾಕಿ, ಮಾರೋದು ನಾನು, ಹಾಕೋದು ನೀವು. ಆಗಲ್ಲ ಅಂದ್ರೆ ನಾಳೆಯಿಂದ ಕಾರ್ ತೊಳೆಯೋ ಕಡೆ ಇರಿ. ಲಿಫ್ಟ್ ಹತ್ರ ಬರಬೇಡಿ."

ಟೈರಕ್ಕ ಲಿಫ್ಟಿನ ಕೀಲಿ ಕಿತ್ತು ಸೊಂಟದ ಚೀಲಕ್ಕೆ ಹಾಕಿಕೊಂಡು, ಅದರ ಮೇಲೆ ಕೈ ಮುಚ್ಚಿ ನಿಲ್ಲುತ್ತಾರೆ. ಸೂರಿನ ನೀರು ಒಂದೇ ಲಯದಲ್ಲಿ ಬೀಳುತ್ತಿದೆ.

ಸೋಫಾದಲ್ಲಿ ಕೂತಿದ್ದ ಮಗಳು ಯಾವಾಗ ಎದ್ದು ಬಂದಳೋ ಯಾರೂ ನೋಡಿಲ್ಲ. ಕೊಡೆ ಇಲ್ಲದೆ ಅಂಗಳಕ್ಕಿಳಿಯುತ್ತಾಳೆ. ಎರಡೂ ಟೈರನ್ನು ಒತ್ತುತ್ತಾಳೆ, ಅಮ್ಮನಂತೆಯೇ ಕಣ್ಣು ಮುಚ್ಚಿ. ಆಮೇಲೆ ಗಂಡನ ಕಡೆ ತಿರುಗಿ, "ರೀ, ಆ ಅಗಲದ್ದು ಹಾಕಿಸೋದಾದ್ರೆ ಹಾಕಿಸಿ. ನೀವು ಕಾರಲ್ಲಿ ಹೋಗಿ, ನಾನು ಬಸ್ಸಲ್ಲಿ ಬರ್ತೀನಿ. ಯಾರು ಮೊದಲು ತಲುಪ್ತಾರೋ ಅವ್ರು ಬಾಗಿಲು ತೆಗೀಲಿ," ಎನ್ನುತ್ತಾಳೆ.

ಅಳಿಯ ಕಾರನ್ನು ನೋಡುತ್ತಾನೆ, ಹೆಂಡತಿಯನ್ನು ನೋಡುತ್ತಾನೆ. "ಹಾಕಿ, ಹಾಕಿ. ಅಮ್ಮ ಮಗಳು ಸೇರಿದ್ರೆ ನಾನೆಲ್ಲಿ," ಎಂದು ಗೊಣಗಿ ಸಿಗರೇಟು ಹಚ್ಚಲು ಹೋಗುತ್ತಾನೆ.

ಕೀಲಿ ಚೀಲದಿಂದ ಹೊರಬರುತ್ತದೆ. ಮುಂದಿನದು ನೋಡುವ ಕೆಲಸ. ಆ ಬಿರಿದ ಬೆರಳುಗಳು ಟೈರನ್ನು ರಿಮ್ಮಿಗೆ ಕೂರಿಸುತ್ತವೆ. ಉರುಳುವ ದಿಕ್ಕಿನ ಬಾಣವನ್ನು ತಡವಿ ನೋಡುತ್ತವೆ. "ಈ ಬಾಣ ಹಿಂದುಮುಂದಾದ್ರೆ ಗೀರು ನೀರನ್ನ ಹೊರಗೆ ಚೆಲ್ಲಲ್ಲ." ಗಾಳಿ ತುಂಬುವಾಗ ಕಿವಿ ಹತ್ತಿರ ಹಿಡಿದು ಕೇಳುತ್ತಾರೆ. ನಟ್ಟುಗಳನ್ನು ಕೈಯಾರೆ ಬಿಗಿಯುತ್ತಾರೆ, ಆಮೇಲೆ ಇನ್ನೊಂದು ಸುತ್ತು. ಕಾರು ಕೆಳಗಿಳಿದಾಗ ಕಿಟಕಿಗೆ ಬಗ್ಗಿ, "ಹೊಸಾ ಟೈರು, ಮೊದಮೊದಲು ಇದೂ ಜಾರುತ್ತೆ. ಬ್ರೇಕ್ ಮೆಲ್ಲಗೆ," ಎನ್ನುತ್ತಾರೆ. ಅಳಿಯ ಗಾಜು ಏರಿಸುತ್ತಾನೆ. ಮಗಳು ಒಳಗಿನಿಂದ ಕೈ ಬೀಸುತ್ತಾಳೆ.

ಒದ್ದೆ ರಸ್ತೆಯ ಮೇಲೆ ಟೈರುಗಳ ಸದ್ದು ತಿರುವು ದಾಟಿ ಅಡಗುವವರೆಗೂ ಅವರು ಬಾಗಿಲಲ್ಲಿ ನಿಂತು ಕೇಳುತ್ತಾರೆ. "ತಲುಪಿದ್ಮೇಲೆ ಫೋನ್ ಮಾಡ್ತಾನಾ? ಮಾಡಲ್ಲ. ಏನೂ ಆಗಲಿಲ್ಲ ಅಂತ ಯಾರಾದ್ರೂ ಫೋನ್ ಮಾಡ್ತಾರಾ?" ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕಾಗಿಯೂ ಇಲ್ಲ. ಏನೂ ಆಗದಂತೆ ನೋಡಿಕೊಳ್ಳುವವರ ಹೆಸರನ್ನು ನಾವು ಯಾವ ಕಲ್ಲಿನ ಮೇಲೂ ಕೆತ್ತಿಲ್ಲ.

ಯಜಮಾನ ಬಂದು ಕೈ ಚಾಚುತ್ತಾನೆ. ಲಿಫ್ಟಿನ ಕೀಲಿ ಅವನ ಕೈ ಸೇರುತ್ತದೆ. ಹೇಳಿದ ಮಾತನ್ನು ಅವನು ಹಿಂದಕ್ಕೆ ತೆಗೆದುಕೊಂಡಿಲ್ಲ.

ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಇದೆ, ಬರ್ಕೊಳ್ಳಿ. ಸನ್ಮಾನ ಗಿನ್ಮಾನ ಬೇಡ. ಟೈರ್ ಮಾರೋ ಜಾಗ ಚಳೀಲಿರಬೇಕು. ಅಷ್ಟೇ."

ಹೇಳಿದವರೇ ಗಾಜಿನ ಕೋಣೆಗೆ ನುಗ್ಗಿ, ಹೀಟರಿನ ಮುಂದಿದ್ದ ಮಿಂಚುವ ಟೈರುಗಳನ್ನು ಒಂದೊಂದಾಗಿ ಉರುಳಿಸಿಕೊಂಡು ಬರುತ್ತಾರೆ. ಯಜಮಾನ ಅವರ ಮುಖ ನೋಡಿ ದಾರಿ ಬಿಡುತ್ತಾನೆ. ಕಾರು ತೊಳೆಯುವ ಕಟ್ಟೆಯ ಪಕ್ಕದಲ್ಲೇ, ಸುರಿಯುವ ಸೂರಿನ ಕೆಳಗೆ, ಗೋಡೆಗೆ ಒರಗಿಸುತ್ತಾರೆ.

"ರಾತ್ರಿ ಇಲ್ಲೇ ಮಲಗಲಿ. ನಾಳೆ ನಾನು ಪೈಪ್ ಹಿಡ್ಕೊಂಡು ಇಲ್ಲೇ ನಿಂತಿರ್ತೀನಲ್ಲ, ಬಂದವ್ರನ್ನೆಲ್ಲ ಕರೀತೀನಿ. ಒತ್ತಿ ನೋಡೋಕೆ ಗಿರಾಕಿಗೂ ಹೆಬ್ಬೆರಳಿದೆ."