ಸೈಟಿನಲ್ಲಿ ಸಿಕ್ಕ ಮನುಷ್ಯ

ಅಪ್ಪ ಗೌಂಡಿ. ಯಾದಗಿರಿ ಕಡೆಯಿಂದ ಪುಣೆಗೆ ಬಂದು ಚಾಕಣದ ಸುತ್ತಮುತ್ತ ಎಷ್ಟು ಗೋಡೆ ಕಟ್ಟಿದನೋ ಅವನಿಗೇ ನೆನಪಿಲ್ಲ. ನಾನು ಸದಾಶಿವ ಪೇಠದಲ್ಲಿ ಒಂದು ಸಿನೆಮಾ ಕೋರ್ಸಿಗೆ ಸೇರಿದ್ದೆ. ಪ್ರತಿಯೊಬ್ಬರೂ ಒಂದು ಕಿರುಚಿತ್ರ ಮಾಡಿ ತೋರಿಸಬೇಕಿತ್ತು. ಬೇರೆಯವರು ನಾಟಕದ ಮಂದಿಯನ್ನು ಹಿಡಿದುಕೊಂಡು ಬಂದರು, ನನಗೆ ಅಪ್ಪ ಇದ್ದ.

ಚಿತ್ರೀಕರಣದ ಬೆಳಿಗ್ಗೆ ಸೈಟಿನಲ್ಲಿ ಅವನನ್ನು ನೋಡಿ ನನಗೆ ಸಿಟ್ಟೇ ಬಂತು. ದಾಡಿ ಮಾಡಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ, ಅಕ್ಕನ ಮದುವೆಗೆ ಹೊಲಿಸಿದ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿಸಿ ತೊಟ್ಟಿದ್ದ. ನಮ್ಮಲ್ಲಿ ಕ್ಯಾಮೆರಾ ಎಂದರೆ ಫೋಟೋ, ಫೋಟೋ ಎಂದರೆ ಒಳ್ಳೆಯ ಬಟ್ಟೆ. ನಾನೋ ನಾಲ್ಕು ತಿಂಗಳ ಪಂಡಿತೆ.

"ಇದು ಬ್ಯಾಡಪ್ಪಾ. ಕೆಲಸದ ಅಂಗಿ ಹಾಕ್ಕೋ, ಹರದಿದ್ದು."

"ಹರಕ ಅಂಗಿ ಯಾಕವ್ವಾ? ನಾಕ ಮಂದಿ ನೋಡ್ತಾರ."

"ಅದಕ್ಕೇ ಹೇಳಾಕತ್ತೀನಿ."

ಹಾಕಿಕೊಂಡ. ಆದರೂ ಮುಖ ತೀರಾ ಸ್ವಚ್ಛವಾಗಿ ಕಾಣಿಸಿತು. ನಾನೇ ಬೆರಳಿನಿಂದ ಸಿಮೆಂಟ್ ಪುಡಿ ತೆಗೆದು ಅವನ ಹಣೆಗೆ, ಕೆನ್ನೆಗೆ ಬಳಿದೆ. ಅವನು ಚಿಕ್ಕ ಮಕ್ಕಳ ಹಾಗೆ ಕಣ್ಣು ಮುಚ್ಚಿ ನಿಂತಿದ್ದ. "ಸಾಕೇನವ್ವಾ, ಇನ್ನಷ್ಟು ಹಚ್ತೀಯೇನು?" ಎಂದು ಕೇಳಿದ. ಒಬ್ಬಳೇ ಕ್ಯಾಮೆರಾ ಹಿಡಿದು ಇಡೀ ದಿನ ಅವನನ್ನು ಚಿತ್ರೀಕರಿಸಿದೆ. ಬೆಳಕು, ಫ್ರೇಮು, ಶಾಟನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನೆಲ್ಲ ಅವತ್ತು ಕಲಿತಷ್ಟು ತರಗತಿಯಲ್ಲಿ ಎಂದೂ ಕಲಿಯಲಿಲ್ಲ.

ಪ್ರದರ್ಶನದ ಸಂಜೆ ಅಪ್ಪ ಬಂದು ಹಿಂದಿನ ಸಾಲಿನಲ್ಲಿ ಕೂತ. ಬಿಳಿ ಅಂಗಿಯಲ್ಲಿದ್ದವನನ್ನು ಯಾರೂ ಗುರುತು ಹಿಡಿಯಲಿಲ್ಲ. ಬಂದದ್ದನ್ನು ನಾನು ನೋಡಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಚಿತ್ರ ಮುಗಿದ ಮೇಲೆ ಮೇಷ್ಟ್ರು ಚಪ್ಪಾಳೆ ತಟ್ಟಿ, ಇಂಥ ಅಸಲಿ ಮನುಷ್ಯ ನಿನಗೆಲ್ಲಿ ಸಿಕ್ಕ ಎಂದು ಮರಾಠಿಯಲ್ಲಿ ಕೇಳಿದರು.

"ಸೈಟಿನಲ್ಲಿ ಸಿಕ್ಕ," ಎಂದೆ, ನಾನೂ ಮರಾಠಿಯಲ್ಲೇ.

ನಮ್ಮಪ್ಪ ಎಂದಿದ್ದರೆ ಹೊಗಳಿಕೆ ಅರ್ಧವಾಗುತ್ತಿತ್ತು ಎಂದು ಆಮೇಲೆ ಸಬೂಬು ಹುಡುಕಿದೆ. ನಿಜ ಹೇಳಬೇಕೆಂದರೆ ನನಗೆ ನಾಚಿಕೆಯಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇಪ್ಪತ್ತು ವರ್ಷ ಈ ಊರಲ್ಲಿ ದುಡಿದವನಿಗೆ ಅಷ್ಟು ಮರಾಠಿ ತಿಳಿಯುವುದಿಲ್ಲವೇ?

ಬಸ್ಸಿನಲ್ಲಿ ಅವನು ಅಂದದ್ದು ಇಷ್ಟೇ: "ಸಿನೆಮಾ ಭಾಳ ಛಲೋ ಬಂದದವ್ವಾ." ಬೈದಿದ್ದರೆ ಅತ್ತು ಕಾಲು ಹಿಡಿಯುತ್ತಿದ್ದೆ. ಅವನು ಬೈಯಲಿಲ್ಲ.

ಚಿತ್ರದ ಕೊನೆಗೆ ಇನ್ನೊಂದು ಶಾಟ್ ಸೇರಿಸು ಎಂದರು ಮೇಷ್ಟ್ರು. ಮುಂದಿನ ಭಾನುವಾರ ಇಬ್ಬರು ಸಹಪಾಠಿಗಳು ನೆರವಿಗೆಂದು ನನ್ನ ಜೊತೆ ಸೈಟಿಗೆ ಹೊರಟರು. ಇವತ್ತು ಹೇಳಿಯೇ ಬಿಡುತ್ತೇನೆ, ಇವರು ನಮ್ಮಪ್ಪ ಎಂದು ಪರಿಚಯಿಸುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ. ಅಪ್ಪ ಆಗಲೇ ಬಂದು ಇಟ್ಟಿಗೆಗಳ ಮೇಲೆ ಕೂತು ಕಾಯುತ್ತಿದ್ದ. ನಮ್ಮನ್ನು ಕಂಡವನೇ ದಡಬಡಿಸಿ ಎದ್ದ. ಸೈಟಿಗೆ ಎಂಜಿನಿಯರ್ ಬಂದಾಗ ಅವನು ಹಾಗೆ ಏಳುವುದನ್ನು ನೋಡಿದ್ದೆ.

"ನಮಸ್ಕಾರ, ಮೇಡಮ್," ಎಂದ ನನಗೆ, ಮರಾಠಿಯಲ್ಲಿ. "ನಾನು ಎಲ್ಲಿ ನಿಲ್ಲಬೇಕು?"

ನನ್ನ ಸುಳ್ಳನ್ನು ಅಪ್ಪ ಕಾಪಾಡುತ್ತಿದ್ದ. ಪಕ್ಕದಲ್ಲಿ ಸಹಪಾಠಿಗಳು ಕ್ಯಾಮೆರಾ ಜೋಡಿಸುತ್ತಿದ್ದರು. ನಾನು ಕೈ ಎತ್ತಿ, ಗೋಡೆಯ ಪಕ್ಕದ ಜಾಗ ತೋರಿಸಿದೆ.