ಸೈಕಲ್ ಅಂಗಡಿಯ ಸೋಮವಾರ

ನಮ್ಮವರಿಗೆ ವಾರಕ್ಕೆ ಒಂದೇ ರಜೆ, ಸೋಮವಾರ. ಊರಿಗೆಲ್ಲ ಭಾನುವಾರ ವಿಶ್ರಾಂತಿಯಾದರೆ ಪಾಸ್ಟರಿಗೆ ಅಂದೇ ದುಡಿಮೆ. ಇಪ್ಪತ್ತಾರು ವರ್ಷಗಳಿಂದ ಈ ಮನುಷ್ಯನ ಜೊತೆ ಸಂಸಾರ ಮಾಡುತ್ತಿದ್ದೇನೆ, ಅವರು ಭಾನುವಾರ ಮಧ್ಯಾಹ್ನ ಬಿಸಿಯೂಟ ಮಾಡಿದ್ದನ್ನು ಕಂಡಿಲ್ಲ. ಆರಾಧನೆ ಮುಗಿದು ಬಾಗಿಲಲ್ಲಿ ನಿಂತು ಕೈಕುಲುಕುವಾಗ ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಸೊಸೆಯ ಮೇಲೆ ದೂರು. ‘ಎರಡೇ ನಿಮಿಷ, ಪಾಸ್ಟರ್’ ಅನ್ನುವವರ ಎರಡು ನಿಮಿಷ ಎಷ್ಟು ಉದ್ದವೆಂದು ನನ್ನ ಒಲೆಯನ್ನು ಕೇಳಬೇಕು.

ನಮ್ಮ ಮನೆ ದೇವಾಲಯದ ಹಿಂಬದಿಗೇ ಅಂಟಿಕೊಂಡಿದೆ. ಅಡುಗೆಮನೆಯ ಕಿಟಕಿಯಿಂದ ಗಂಟೆಯ ಹಗ್ಗ ಕಾಣುತ್ತದೆ. ಮುಂದಿನ ಕೋಣೆಯಲ್ಲಿ ನಾಲ್ಕು ಕುರ್ಚಿಗಳಿವೆ. ಅವುಗಳಲ್ಲಿ ಕಿಟಕಿ ಪಕ್ಕದ್ದಕ್ಕೆ ನಾನು ‘ಅಳುವ ಕುರ್ಚಿ’ ಎಂದು ಹೆಸರಿಟ್ಟಿದ್ದೇನೆ. ಅಳಲು ಬಂದವರೆಲ್ಲ ಅದೇಕೋ ಹುಡುಕಿಕೊಂಡು ಹೋಗಿ ಅದರಲ್ಲೇ ಕೂರುತ್ತಾರೆ. ಗಂಡ ಬಿಟ್ಟುಹೋದವಳು, ಕೆಲಸ ಕಳೆದುಕೊಂಡವನು, ಡಾಕ್ಟರು ಕೈಚೆಲ್ಲಿದ ಮೇಲೆ ಬಂದವರು. ನಮ್ಮವರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ, ಒಂದಕ್ಷರವನ್ನೂ ಹೊರಗೆ ಬಿಡುವುದಿಲ್ಲ. ನನ್ನ ಹತ್ತಿರವೂ ಇಲ್ಲ. ‘ಏನಂತೆ ರೀ?’ ಎಂದರೆ ‘ಕಷ್ಟದಲ್ಲಿದ್ದಾರೆ’ ಎಂದಷ್ಟೇ ಹೇಳಿ ಲೋಟ ತೊಳೆಯಲು ಎದ್ದುಬಿಡುತ್ತಾರೆ. ಮದುವೆಯಾದ ಹೊಸತರಲ್ಲಿ ಇದಕ್ಕೆ ಮೈ ಉರಿಯುತ್ತಿತ್ತು. ಆಮೇಲೆ ಒಳಗೊಳಗೇ ಹೆಮ್ಮೆಯಾಗತೊಡಗಿತು. ನನ್ನ ಗಂಡನ ಹೊಟ್ಟೆಯಲ್ಲಿ ಊರಿನ ಅರ್ಧ ಗುಟ್ಟು ಇದೆ, ಒಂದೂ ಬಾಯಿಗೆ ಬಂದಿಲ್ಲ ಎಂದು.

ಸೋಮವಾರ ಬೆಳಿಗ್ಗೆ ತಿಂಡಿ ಮುಗಿಸಿ, ಬಣ್ಣ ಮಾಸಿದ ನೀಲಿ ಅಂಗಿ ತೊಟ್ಟು ಅವರು ಸೈಕಲ್ ಅಂಗಡಿಗೆ ಹೋಗುತ್ತಿದ್ದರು. ಅಂಗಡಿಯವನು ನಮ್ಮ ಸಭೆಯವನೇ, ವಯಸ್ಸಿನಲ್ಲಿ ಇವರಿಗಿಂತ ಎರಡು ವರ್ಷ ಚಿಕ್ಕವನು. ಭಾನುವಾರ ಮೂರನೆಯ ಬೆಂಚಿನಲ್ಲಿ ಕೂತು ‘ಪಾಸ್ಟರ್’ ಎನ್ನುವವನು ಸೋಮವಾರ ಅಂಗಡಿಯಲ್ಲಿ ‘ಅಣ್ಣ’ ಎನ್ನುತ್ತಿದ್ದ. ಅಲ್ಲಿ ಇವರಿಗೆಂದೇ ಒಂದು ಬೋರಲು ಹಾಕಿದ ಮರದ ಪೆಟ್ಟಿಗೆ. ಅದರ ಮೇಲೆ ಕೂತು ಇವರು ಚಕ್ರ ಹಿಡಿದುಕೊಂಡರೆ ಅವನು ಕಡ್ಡಿ ಬಿಗಿಯುತ್ತಿದ್ದ. ಟ್ಯೂಬನ್ನು ನೀರಿನ ಬೇಸಿನ್‌ನಲ್ಲಿ ಅದ್ದಿ, ಗುಳ್ಳೆ ಎಲ್ಲಿ ಬರುತ್ತದೆಂದು ಇಬ್ಬರೂ ಬಗ್ಗಿ ನೋಡುತ್ತಿದ್ದರಂತೆ, ದೊಡ್ಡ ಸಂಶೋಧನೆ ಮಾಡುವವರ ಹಾಗೆ. ಮಧ್ಯಾಹ್ನ ಮನೆಗೆ ಬಂದಾಗ ಬೆರಳೆಲ್ಲ ಗ್ರೀಸು, ಮುಖದಲ್ಲಿ ಮಾತ್ರ ಹತ್ತು ವರ್ಷ ಕಡಿಮೆ. ಸೋಪು ಹಾಳಾಗುತ್ತದೆಂದು ನಾನು ಗೊಣಗುತ್ತಿದ್ದೆ, ಆದರೆ ಆ ಅಂಗಿಯನ್ನು ಭಾನುವಾರ ರಾತ್ರಿಯೇ ಗೂಟಕ್ಕೆ ನೇತುಹಾಕಿ ಇಡುತ್ತಿದ್ದವಳೂ ನಾನೇ.

ಬುಧವಾರ ಸಂಜೆ ಆರಕ್ಕೆ ಪ್ರಾರ್ಥನಾ ಕೂಟ. ಇಪ್ಪತ್ತು ಜನ ದುಂಡಗೆ ಕೂತು, ಒಬ್ಬೊಬ್ಬರಾಗಿ ಕಣ್ಣುಮುಚ್ಚಿ ಗಟ್ಟಿಯಾಗಿ ಪ್ರಾರ್ಥಿಸುತ್ತೇವೆ. ಕೊನೆಯಲ್ಲಿ ಪಾಸ್ಟರ್ ಮುಗಿಸುತ್ತಾರೆ. ಸತ್ಯ ಹೇಳಬೇಕೆಂದರೆ, ಊರಿನ ಸುದ್ದಿ ನನಗೆ ಗೊತ್ತಾಗುವುದೇ ಅಲ್ಲಿ. ಯಾರ ಮಗಳ ಸಂಬಂಧ ಮುರಿಯಿತು, ಯಾರ ಮಗ ಕುಡಿಯಲು ಕಲಿತ ಎಂಬುದೆಲ್ಲ ‘ಕರ್ತನೇ, ನೀನು ಬಲ್ಲೆ’ ಎಂದು ಶುರುವಾಗಿ ನಮಗೂ ತಿಳಿದುಬಿಡುತ್ತದೆ. ಇದರಲ್ಲಿ ನನಗೆ ಅಂಥ ತಪ್ಪೇನೂ ಕಂಡಿರಲಿಲ್ಲ. ಬೇರೆಯವರ ಮನೆಯದಲ್ಲವೇ?

ಒಂದು ಬುಧವಾರ ಸೈಕಲ್ ಅಂಗಡಿಯವನ ಸರದಿ ಬಂತು.

“ಕರ್ತನೇ, ನಮ್ಮ ಪಾಸ್ಟರಿಗೋಸ್ಕರ ಬೇಡ್ಕೊಳ್ತೀನಿ. ಎಂಟು ತಿಂಗಳಿಂದ ಅವರಿಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ. ಮೊಣಕಾಲೂರಿದ್ರೆ ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ ಅಂತ ನನ್ನ ಮುಂದೆ ಅತ್ತುಬಿಟ್ರು. ನಮ್ಮನ್ನೆಲ್ಲ ಹೊತ್ತು ಹೊತ್ತು ಸೋತುಹೋಗಿದ್ದಾರೆ. ಅವರ ವಿಶ್ವಾಸಾನ ಅವರಿಗೆ ವಾಪಸ್ ಕೊಡು, ತಂದೆ.”

ಪ್ರಾರ್ಥನೆಯ ನಡುವೆ ಕಣ್ಣು ತೆರೆಯಬಾರದು, ತೆರೆದೆ. ನೋಡಿದರೆ ಐದಾರು ಜನ ಆಗಲೇ ತೆರೆದುಕೊಂಡು ನಮ್ಮವರನ್ನೇ ದಿಟ್ಟಿಸುತ್ತಿದ್ದರು. ನಮ್ಮವರು ಮಾತ್ರ ಕಣ್ಣುಮುಚ್ಚಿ ಕೂತಿದ್ದರು, ಕಿವಿ ಕೆಂಪಾಗಿತ್ತು. ಸರದಿ ಅವರಲ್ಲಿಗೆ ಬಂದಾಗ ತಗ್ಗಿದ ದನಿಯಲ್ಲಿ ಎಲ್ಲರನ್ನೂ ಆಶೀರ್ವದಿಸಿ ‘ಆಮೆನ್’ ಎಂದರು. ಇನ್ನೇನು ಮಾಡಲಾಗುತ್ತಿತ್ತು? ಪ್ರಾರ್ಥನೆಗೆ ಎದುರಾಡುವಂತಿಲ್ಲವಲ್ಲ.

ದೇವಾಲಯದಿಂದ ನಮ್ಮ ಬಾಗಿಲಿಗೆ ನಲವತ್ತು ಹೆಜ್ಜೆ. ಅಷ್ಟೂ ದೂರ ಸೈಕಲ್ ಅಂಗಡಿಯವನ ಮೇಲೆ ಕೋಪ ಕುದಿಯುತ್ತಿತ್ತು, ನಿಜ. ಆದರೆ ನನ್ನನ್ನು ಚುಚ್ಚಿದ್ದು ಅದಲ್ಲ. ತಾಯಿ ಸತ್ತಾಗ ಬಿಟ್ಟರೆ ಅತ್ತದ್ದನ್ನೇ ನಾನು ಕಾಣದ ಮನುಷ್ಯ, ಸೈಕಲ್ ಅಂಗಡಿಯಲ್ಲಿ ಕೂತು ಅತ್ತಿದ್ದರು. ಎಂಟು ತಿಂಗಳು ನನ್ನ ಪಕ್ಕದಲ್ಲೇ ಮಂಡಿಯೂರಿದ್ದವರ ಕಷ್ಟ ನನಗೆ ಇಪ್ಪತ್ತು ಜನರ ಜೊತೆ ಸೇರಿ ತಿಳಿಯಿತು.

“ನನಗ್ಯಾಕೆ ಹೇಳಲಿಲ್ಲ ರೀ?”

“ಹೇಳಿದ್ರೆ ನೀನು ನನಗೋಸ್ಕರ ಪ್ರಾರ್ಥನೆ ಮಾಡ್ತಿದ್ದೆ.”

“ಮಾಡಿದ್ರೆ ತಪ್ಪೇನು?”

“ತಪ್ಪಲ್ಲ.” ಚಪ್ಪಲಿ ಬಿಟ್ಟು ಒಂದರ ಪಕ್ಕ ಇನ್ನೊಂದನ್ನು ಜೋಡಿಸಿದರು. “ಅವನು ಏನೂ ಮಾಡಲ್ಲ ಅಂದ್ಕೊಂಡಿದ್ದೆ. ನಾನು ಹೇಳ್ದೆ, ಅವನು ಕೇಳಿಸ್ಕೊಂಡು ಪಂಕ್ಚರ್ ಹಾಕ್ತಾ ಕೂತ. ಅಷ್ಟೇ ಬೇಕಿತ್ತು ನನಗೆ.”

ಮರುದಿನದಿಂದ ಮನೆ ಆಸ್ಪತ್ರೆಯಾಯಿತು. ದರ್ಜಿಯ ಹೆಂಡತಿ ಸೂಪು ತಂದಳು, ಇವರಿಗೆ ಜ್ವರ ಬಂದಿದೆಯೇನೋ ಎಂಬಂತೆ. ನಿವೃತ್ತ ಹೆಡ್‌ಮಾಸ್ಟರು ಕೈಬರಹದಲ್ಲಿ ಬೈಬಲಿನ ಅರವತ್ತು ವಾಕ್ಯಗಳನ್ನು ಬರೆದು ತಂದು, ದಿನಕ್ಕೆ ಮೂರು ಹೊತ್ತು ಓದಬೇಕೆಂದು ಹೇಳಿ ಹೋದರು. ಭಾನುವಾರ, ಎಂದೂ ಬಾರದವರೂ ಬಂದು ಬೆಂಚು ತುಂಬಿಸಿದರು. ನಮ್ಮವರು ಪ್ರಾರ್ಥನೆಗೆ ಕೈ ಎತ್ತಿದಾಗ ಎಲ್ಲ ತಲೆಗಳೂ ಬಾಗಿದವು, ಆದರೆ ಎಲ್ಲರೂ ಮೈಯೆಲ್ಲ ಕಿವಿಯಾಗಿ ಕೇಳುತ್ತಿದ್ದುದು ಒಂದನ್ನೇ: ಇದು ನಿಜವಾದದ್ದೋ, ಬಾಯಿಪಾಠವೋ? ನಾನೂ ಕೇಳುತ್ತಿದ್ದೆ. ಅದಕ್ಕೆ ನನಗೆ ನಾಚಿಕೆಯಿದೆ.

ಅಂದು ರಾತ್ರಿ ಎಂದಿನಂತೆ ನೀಲಿ ಅಂಗಿಯನ್ನು ಗೂಟಕ್ಕೆ ಹಾಕಿದೆ. ಬೈದಾಡಲಿ, ಜಗಳವಾಡಲಿ, ಹೇಗಾದರೂ ಆ ಪೆಟ್ಟಿಗೆಯ ಮೇಲೆ ಮತ್ತೆ ಹೋಗಿ ಕೂರಲಿ ಎಂದು ನನ್ನ ಆಸೆ. ಈ ಊರಿನಲ್ಲಿ ಅವರಿಗೆ ಇನ್ನೊಂದು ಜಾಗವಿರಲಿಲ್ಲ. ಸೋಮವಾರ ತಿಂಡಿಯಾಯಿತು, ಹತ್ತೂವರೆಯಾಯಿತು, ಅವರು ಕೋಣೆಯಿಂದ ಹೊರಬರಲಿಲ್ಲ. ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ಸೈಕಲ್ ಅಂಗಡಿಯವನು ನಿಂತಿದ್ದ, ಕೈಯಲ್ಲಿ ಒರೆಸುವ ಬಟ್ಟೆ ಹಾಗೇ ಇತ್ತು.

“ಅತ್ತಿಗೆ, ಅಣ್ಣ ಬರಲೇ ಇಲ್ವಲ್ಲ?”

“ಊರಿಗೆಲ್ಲ ಡಂಗುರ ಸಾರಿದ್ದು ಸಾಲದಾ ನಿಮಗೆ?”

“ದೇವರ ಹತ್ರ ಹೇಳ್ದೆ ಅತ್ತಿಗೆ, ಊರ ಹತ್ರ ಅಲ್ಲ.”

“ನಿಮ್ಮ ಅಂಗಡೀಲಿ ಹೇಳಿದ್ರೆ ದೇವರಿಗೆ ಕೇಳಿಸ್ತಿರಲಿಲ್ವಾ?”

ಅವನ ಮುಖ ಕಪ್ಪಿಟ್ಟಿತು. ಅಷ್ಟು ಸಣ್ಣ ಸಂಗತಿ ಅವನಿಗೆ ಹೊಳೆದೇ ಇರಲಿಲ್ಲವೆಂದು ಆಗ ನನಗೆ ಗೊತ್ತಾಯಿತು. ಒಳಗೆ ಬಂದವನು ನಾಲ್ಕು ಕುರ್ಚಿಗಳಲ್ಲಿ ಹೋಗಿ ಹೋಗಿ ಕಿಟಕಿ ಪಕ್ಕದ್ದರಲ್ಲೇ ಕೂತ, ಕೂತವನೇ ಬಿಕ್ಕಳಿಸತೊಡಗಿದ.

ಕೋಣೆಯ ಬಾಗಿಲು ತೆರೆಯಿತು. ನಮ್ಮವರು ಭಾನುವಾರದ ಬಿಳಿ ಅಂಗಿ ತೊಟ್ಟು, ಕೊರಳಿಗೆ ಪಾಸ್ಟರ ಕಾಲರ್ ಹಾಕಿಕೊಂಡು ಬಂದರು. ಸೋಮವಾರ ಅವರ ಕೊರಳಲ್ಲಿ ಅದನ್ನು ನೋಡಿದ್ದು ಅದೇ ಮೊದಲು. ಎದುರಿನ ಕುರ್ಚಿಯಲ್ಲಿ ಕೂತು, ಮುಂದಕ್ಕೆ ಬಾಗಿ, ಮೃದುವಾಗಿ “ಹೇಳಿ” ಎಂದರು. ಅವನು ಒಮ್ಮೆ “ಅಣ್ಣ” ಎಂದು ಶುರುಮಾಡಿ ನಿಲ್ಲಿಸಿದ. ಆಮೇಲೆ “ಪಾಸ್ಟರ್” ಎಂದ.

ಮುಕ್ಕಾಲು ಗಂಟೆ ಕೇಳಿಸಿಕೊಂಡರು. ಕ್ಷಮಿಸಿದ್ದೇನೆ ಎಂದರು. ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅದರಲ್ಲಿ ಹೆಡ್‌ಮಾಸ್ಟರೂ ತಪ್ಪು ಹುಡುಕಲಾರರು. ಗೇಟಿನವರೆಗೂ ಹೋಗಿ ಕಳಿಸಿಕೊಟ್ಟು ಬಂದರು.

ನಾನು ಕೋಪವನ್ನೆಲ್ಲ ಬದಿಗಿಟ್ಟು ಅಡುಗೆಮನೆಯಲ್ಲಿ ಕಾಯುತ್ತಿದ್ದೆ. ಇವತ್ತಾದರೂ ಬೈಯಲಿ, ಅಳಲಿ, ನನ್ನ ಮುಂದೆ ಏನಾದರೂ ಒಂದು ಹೇಳಲಿ ಎಂದು.

“ಏನಂತೆ ರೀ?” ಎಂದೆ.

“ಕಷ್ಟದಲ್ಲಿದ್ದಾರೆ” ಎಂದು ಅವನು ಕುಡಿದಿಟ್ಟ ಲೋಟ ತೊಳೆಯತೊಡಗಿದರು.