ಅವಳ ಬಲಮಂಡಿ

ಡಿಗ್ರಿಯ ಕೊನೆಯ ವರ್ಷ ನಮ್ಮ ವಿಶ್ವವಿದ್ಯಾಲಯದ ಮಹಿಳಾ ಖೋ-ಖೋ ತಂಡದ ಕ್ಯಾಂಪಿಗೆ ಆಯ್ಕೆಯಾದೆ. ಆಯ್ಕೆ ಅಂದರೆ ಅರ್ಧ ಆಯ್ಕೆ. ಹನ್ನೆರಡು ಜನರ ತಂಡಕ್ಕೆ ನಾನು ಹದಿಮೂರನೆಯವಳು, ಸ್ಟ್ಯಾಂಡ್‌ಬೈ. ಯಾರಿಗಾದರೂ ಏನಾದರೂ ಆದರೆ ಮಾತ್ರ ನನಗೆ ಜಾಗ.

ತಂಡದಲ್ಲಿ ನನಗೆ ಹತ್ತಿರವಾದವಳು ಭದ್ರಾವತಿಯ ಜನ್ನಾಪುರದ ಹುಡುಗಿ. ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗದ ಕ್ಯಾಂಪಿಗೆ ಬರುತ್ತಿದ್ದಳು. ಅವಳಮ್ಮ ಕಟ್ಟಿಕೊಟ್ಟ ಪುಳಿಯೋಗರೆಯಲ್ಲಿ ನನಗೂ ಪಾಲಿರುತ್ತಿತ್ತು. ಕಂಬದ ಹತ್ತಿರ ಅವಳು ಹಾರಿ ಬಿದ್ದು ಎದುರಾಳಿಯನ್ನು ಮುಟ್ಟುವುದನ್ನು ನೋಡಲು ಬೇರೆ ಆಟದವರೂ ಬಂದು ನಿಲ್ಲುತ್ತಿದ್ದರು.

ಟೂರ್ನಮೆಂಟಿಗೆ ಹೊರಡಲು ಐದು ದಿನವಿದ್ದಾಗ, ಮೈದಾನದ ಶೆಡ್ಡಿನ ಹಿಂದೆ ಅವಳು ಬಲಮಂಡಿಗೆ ಬ್ಯಾಂಡೇಜು ಬಿಗಿಯುತ್ತಿದ್ದುದನ್ನು ಕಂಡೆ. ಮಂಡಿ ಊದಿ ಹೊಳೆಯುತ್ತಿತ್ತು.

“ಯಾರಿಗೂ ಹೇಳ್ಬೇಡ ಮಾರಾಯ್ತಿ. ಟೂರ್ನಮೆಂಟ್ ಮುಗೀಲಿ, ಡಾಕ್ಟರ್ ಹತ್ರ ಹೋಗ್ತೀನಿ.”

“ಹೇಳಲ್ಲ,” ಎಂದೆ.

ಎರಡು ದಿನ ಸುಮ್ಮನಿದ್ದೆ. ಮೂರನೆಯ ಬೆಳಿಗ್ಗೆ ರವೀಂದ್ರನಗರದ ಮನೆಯಿಂದ ಬೇಗ ಹೊರಟು, ಎಲ್ಲರಿಗಿಂತ ಮೊದಲು ಮೈದಾನ ಸೇರಿ, ಕೋಚ್ ಮೇಡಂಗೆ ಹೇಳಿಬಿಟ್ಟೆ. ಅವಳು ಬಂದ ಕೂಡಲೇ ಮೇಡಂ, “ಬಲಗಾಲಿನ ಪ್ಯಾಂಟ್ ಮೇಲೆತ್ತು,” ಎಂದರು. ಆಮೇಲೆ ಕೂತು ಏಳಲು ಹೇಳಿದರು. ಮೂರನೇ ಸಲ ಅವಳಿಗೆ ಏಳಲಾಗಲಿಲ್ಲ.

ಅವಳ ಜರ್ಸಿ ನನಗೆ ಬಂತು. ಅವಳೇ ಮಡಿಸಿ ಕೊಟ್ಟಳು. “ಚೆನ್ನಾಗಿ ಆಡು,” ಎಂದಳು.

ಎರಡನೇ ಪಂದ್ಯದಲ್ಲೇ ಸೋತೆವು. ಅಂಕಣದಲ್ಲಿ ಕುಳಿತು, ಬೆನ್ನು ಮುಟ್ಟಿ ‘ಖೋ’ ಎನ್ನುವುದನ್ನು ಕಾಯುವಾಗ ನನಗೆ ಪ್ರತಿ ಸಲ ಅವಳ ದನಿಯೇ ಕೇಳಿಸುತ್ತಿತ್ತು. ಒಮ್ಮೆಯಂತೂ ಯಾರೂ ಮುಟ್ಟದೆಯೇ ಎದ್ದು ಓಡಿದೆ. ಅಂಪೈರ್ ಸೀಟಿ ಊದಿದರು. ತಿರುಗಿ ನೋಡಿದರೆ ಹಿಂದೆ ಯಾರೂ ಇರಲಿಲ್ಲ.

ಅವಳು ಮತ್ತೆ ಮೈದಾನಕ್ಕೆ ಬರಲಿಲ್ಲ. ಆಪರೇಷನ್ ಆಯಿತಂತೆ. ಇನ್ನೊಂದು ಪಂದ್ಯ ಆಡಿದ್ದರೆ ಕಾಲು ಶಾಶ್ವತವಾಗಿ ಹಾಳಾಗುತ್ತಿತ್ತು ಎಂದು ಡಾಕ್ಟರ್ ಹೇಳಿದರಂತೆ. ನಾನು ಈ ವಿಷಯ ಹೇಳಿಕೊಂಡ ಒಂದಿಬ್ಬರು, ಒಳ್ಳೆಯದನ್ನೇ ಮಾಡಿದೆಯಲ್ಲ ಎಂದರು. ಆದರೆ ಮೇಡಂಗೆ ಹೇಳಲು ಹೊರಟ ಬೆಳಿಗ್ಗೆ ನಾನು ಶೂಗೆ ಹೊಸ ಲೇಸು ಹಾಕಿದ್ದೆ. ಅದನ್ನು ಆ ಒಂದಿಬ್ಬರಿಗೆ ಹೇಳಿರಲಿಲ್ಲ.

ಈಗ ನಾನು ಶಾಲೆಯೊಂದರಲ್ಲಿ ಪಿ.ಇ. ಟೀಚರ್. ಕಳೆದ ವರ್ಷ ಮಕ್ಕಳನ್ನು ಖೋ-ಖೋ ಆಡಿಸಲು ಭದ್ರಾವತಿಗೆ ಕರೆದುಕೊಂಡು ಹೋಗಿದ್ದೆ. ಎದುರು ತಂಡದ ಮಕ್ಕಳ ತಾಯಂದಿರ ನಡುವೆ ಅವಳಿದ್ದಳು. ಅವಳನ್ನು ನೋಡಿ ಹದಿಮೂರು ವರ್ಷವಾಗಿತ್ತು. ಅವಳೇ ಎದ್ದು ಬಂದಳು.

“ನೀನೇ ಹೇಳಿದ್ದು ಅಂತ ನಂಗೆ ಅವತ್ತೇ ಗೊತ್ತಾಯ್ತು.”

“ಹೇಗೆ?”

“ಮೇಡಂ ಸೀದಾ ಬಲಗಾಲು ಅಂದ್ರಲ್ಲ. ಯಾವ ಕಾಲು ಅಂತ ನಿಂಗೊಬ್ಳಿಗೇ ಗೊತ್ತಿದ್ದಿದ್ದು.” ದನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನಿಂದ ಕಾಲು ಉಳೀತು, ಇಲ್ಲ ಅನ್ನಲ್ಲ. ಒಂದೇ ಒಂದು ಕೇಳ್ತೀನಿ. ನನ್ನ ಕಾಲಿಗೋಸ್ಕರ ಹೇಳಿದ್ಯಾ, ಜಾಗಕ್ಕೋಸ್ಕರ ಹೇಳಿದ್ಯಾ?”

ಇಷ್ಟು ವರ್ಷ ಉತ್ತರ ಸಿದ್ಧ ಮಾಡಿಕೊಂಡೇ ಓಡಾಡಿದ್ದೆ.

“ಗೊತ್ತಿಲ್ಲ ಮಾರಾಯ್ತಿ. ದೇವ್ರಾಣೆ ಗೊತ್ತಿಲ್ಲ.”

ಅವಳು “ಸರಿ ಬಿಡು,” ಎಂದು ಮಗಳಿಗೆ ನೀರಿನ ಬಾಟಲಿ ಕೊಡಲು ಹೊರಟಳು. ಕಾಲು ಒಂಚೂರೂ ಕುಂಟುತ್ತಿರಲಿಲ್ಲ. ನಾನು ಅದನ್ನೇ ನೋಡುತ್ತ ನಿಂತಿದ್ದೆ. ನಮ್ಮ ಮಕ್ಕಳು ಮೂರು ಸಲ “ಟೀಚರ್” ಎಂದು ಕೂಗಿದರಂತೆ. ನನಗೆ ಕೇಳಿಸಿರಲಿಲ್ಲ.